ವಾರ್ಡ್ ಸಭೆಗೆ ದಿನ ಗೊತ್ತುಮಾಡುವುದು

2024ರ ಆಗಸ್ಟ್ 3ರ ಶನಿವಾರ ನಮ್ಮ ವಾರ್ಡ್ ಸಭೆಗೆ 73 ಜನ ಬಂದಿದ್ದರು. ಅದಕ್ಕೂ ಎರಡೂವರೆ ವರ್ಷದ ಹಿಂದೆ, 2022ರ ಜನವರಿಯಲ್ಲಿ, ಅದೇ ಸಮುದಾಯ ಭವನದಲ್ಲಿ ಕರೆದಿದ್ದ ಸಭೆಗೆ ಬಂದವರು 9 ಮಂದಿ. ಆ ಒಂಬತ್ತರಲ್ಲಿ ಪಂಚಾಯಿತಿ ಸಿಬ್ಬಂದಿಯೇ ಮೂವರು. ಅಂಗನವಾಡಿ ಕಾರ್ಯಕರ್ತೆ ಒಬ್ಬರು, ಆಶಾ ಕಾರ್ಯಕರ್ತೆ ಒಬ್ಬರು, ವಾರ್ಡಿನ ಸದಸ್ಯರಾದ ನಾವಿಬ್ಬರು. ಉಳಿದ ಇಬ್ಬರಲ್ಲಿ ಒಬ್ಬರು ಪಡಿತರ ಚೀಟಿಯ ತಿದ್ದುಪಡಿಗೆಂದು ಬಂದಿದ್ದವರು, ಅದು ಈ ಸಭೆಯಲ್ಲಿ ಆಗುವ ಕೆಲಸವಲ್ಲವೆಂದು ತಿಳಿದ ಕೂಡಲೇ ಕೊಡೆ ಎತ್ತಿಕೊಂಡು ಹೊರಟರು. ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಯಿತು. ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹುಡುಗ, "ಅಕ್ಕ, ಇನ್ನು ಮೇಲೆ ಹತ್ತೇ ಕುರ್ಚಿ ತಂದರೆ ಸಾಕಲ್ವಾ?" ಎಂದು ಕೇಳಿದ್ದು ನನಗೆ ಈಗಲೂ ನೆನಪಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಬಾಡಿಗೆಯ ಲೆಕ್ಕ ಹೇಳುತ್ತಿದ್ದ.

ನಾನು ಪಂಚಾಯಿತಿಗೆ ಬಂದದ್ದು 2020ರ ಡಿಸೆಂಬರ್ ಚುನಾವಣೆಯಲ್ಲಿ, ಮಹಿಳಾ ಮೀಸಲು ಸ್ಥಾನದಿಂದ. ಅದಕ್ಕೂ ಮೊದಲು ಹಲವು ವರ್ಷ ಊರಿನ ಯುವಕ ಸಂಘದ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಊಟದ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು, ಯಾರ ಮನೆಯಿಂದ ಎಷ್ಟು ಮಂದಿ ಬರುತ್ತಾರೆ, ಯಾರು ಮಳೆ ಬಂದರೆ ಬರುವುದಿಲ್ಲ, ಯಾರು ಮಳೆ ಬಂದರೇ ಬರುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಆಟಕ್ಕೆ 300 ಎಲೆ ಹಾಕಿದರೂ ಸಾಲದಿದ್ದ ಊರಿನಲ್ಲಿ ಸಭೆಗೆ ಒಂಬತ್ತೇ ಜನ ಬಂದಾಗ, ಜನರಿಗೆ ಆಸಕ್ತಿಯಿಲ್ಲವೆಂಬ ಎಲ್ಲರ ಸಿದ್ಧ ಉತ್ತರವನ್ನು ನನ್ನ ಮನಸ್ಸು ಒಪ್ಪಲಿಲ್ಲ. ತಪ್ಪು ದಿನದಲ್ಲಿದೆ ಎಂದು ನನಗೆ ಆಗಲೇ ಅನ್ನಿಸಿತ್ತು, ಇವತ್ತಿಗೂ ಹಾಗೆಯೇ ಅನ್ನಿಸುತ್ತದೆ.

ಬಯಲುಸೀಮೆಯ ಓದುಗರಿಗೆ ನಮ್ಮ ಊರಿನ ಆಕಾರವನ್ನು ಸ್ವಲ್ಪ ಹೇಳಬೇಕು. ಕೊಡಗಿನಲ್ಲಿ ಊರೆಂದರೆ ಬೀದಿಗೆ ಬೀದಿ ಅಂಟಿಕೊಂಡ ಮನೆಗಳ ಗುಂಪಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ ಇದ್ದರೆ ನಮ್ಮ ಜಿಲ್ಲೆಯಲ್ಲಿ 135. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯಾಚೆ ತೋಡು ಎಂಬ ಸಣ್ಣ ಹಳ್ಳ, ಅದರಾಚೆ ಮತ್ತೆ ತೋಟ. ಸಂಜೆ ಹೊತ್ತು ಜನ ತಾವಾಗಿ ಬಂದು ಕೂರುವ ಅರಳಿಕಟ್ಟೆ ನಮಗಿಲ್ಲ, ಡಂಗುರ ಹೊಡೆದರೆ ಮೂರನೆಯ ಮನೆಗೂ ಕೇಳುವುದಿಲ್ಲ. ನಾಲ್ಕು ಜನ ಸೇರಬೇಕಾದರೆ ಅದಕ್ಕೊಂದು ಕಾರಣವೂ ಒಂದು ದಿನವೂ ಬೇಕು. ಪಂಚಾಯಿತಿ ರಚನೆಯ ವಿಷಯದಲ್ಲಿ ಕಾನೂನು ಈ ದೂರವನ್ನು ಗಮನಿಸಿದೆ: ಬೇರೆಡೆ ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆ ಎಂದಿದ್ದರೆ, ಕೊಡಗು ಮತ್ತು ಇತರ ಮಲೆನಾಡು ಪ್ರದೇಶಗಳಿಗೆ 2,500 ಇದ್ದರೂ ಸಾಕೆಂದು 1993ರ ಪಂಚಾಯತ್ ರಾಜ್ ಅಧಿನಿಯಮವೇ ವಿನಾಯಿತಿ ಕೊಟ್ಟಿದೆ. ಸಭೆಯ ವಿಚಾರಕ್ಕೆ ಬಂದಾಗ ಮಾತ್ರ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು ಎಂಬ ಒಂದೇ ಅಳತೆ ರಾಜ್ಯಕ್ಕೆಲ್ಲ ಅನ್ವಯಿಸುತ್ತದೆ. ಅಳತೆಯಲ್ಲಿ ತಪ್ಪಿಲ್ಲ, ಆದರೆ ಆ ಆರು ತಿಂಗಳಲ್ಲಿ ನಮಗೆ ಸಿಗುವ ಬಿಡುವಿನ ದಿನಗಳು ಯಾವುವು ಎಂದು ಯಾರೂ ಕೂತು ಎಣಿಸಿದಂತಿಲ್ಲ.

ನಾನು ಎಣಿಸಿದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ತೊಡಗಿದರೆ, ರೊಬಸ್ಟಾ ಕುಯ್ದು ಮುಗಿಯುವಾಗ ಫೆಬ್ರವರಿ ಕಳೆದಿರುತ್ತದೆ. ಈ ಅವಧಿಯಲ್ಲಿ ಕಾಫಿ ಕಣ ಬಿಟ್ಟು ಬರುವವರು ಯಾರು? ಅದರಲ್ಲೂ 2021ರ ನವೆಂಬರಿನ ಅಕಾಲ ಮಳೆಯಲ್ಲಿ ಹಣ್ಣು ಒಡೆದು ಉದುರಿ, ಕಣದಲ್ಲಿ ಹರವಿದ್ದು ಒಣಗದೆ ಮುಗ್ಗಿ ಹೋದ ಮೇಲೆ, ಉಳಿದದ್ದನ್ನು ಹೇಗಾದರೂ ಒಳಗೆ ಹಾಕಿಕೊಳ್ಳುವ ಆತುರದಲ್ಲಿದ್ದ ಜನರನ್ನು ನಾವು ಜನವರಿಯ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಸಭೆಗೆ ಕರೆದಿದ್ದೆವು. ಮಾರ್ಚ್ ಹೊತ್ತಿಗೆ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಆಕಾಶ ನೋಡುವುದು, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಎಳೆಯುವುದು. ಏಪ್ರಿಲ್ ಮತ್ತು ಮೇ ಮದುವೆಗಳಿಗೂ ದೇವರ ಹಬ್ಬಗಳಿಗೂ ಹಾಕಿಗೂ ಮೀಸಲು. ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಶುರುಮಾಡಿದ ಕುಟುಂಬಗಳ ನಡುವಿನ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಇಳಿದಿದ್ದವೆಂದರೆ, ಆ ತಿಂಗಳಲ್ಲಿ ಬೇರೆ ಸಭೆ ಕರೆಯುವ ಧೈರ್ಯ ಯಾರಿಗಿರುತ್ತದೆ! ಜೂನ್‌ನಿಂದ ಮಳೆ. ಮಳೆಯೆಂದರೆ ಕರೆಂಟಿಲ್ಲ, ಫೋನಿಲ್ಲ, ರಸ್ತೆಗೆ ಅಡ್ಡ ಬಿದ್ದ ಮರ. ಅಕ್ಟೋಬರಿನಲ್ಲಿ ದಸರಾ ಮತ್ತು ಕಾವೇರಿ ಸಂಕ್ರಮಣ. ಹೀಗೆ ತಳ್ಳುತ್ತಾ ಹೋದರೆ ಸೆಪ್ಟೆಂಬರಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತ ಕಳೆದ ಮೇಲಿನ ಕೆಲವು ವಾರಗಳು ಮತ್ತು ನಾಟಿಗೆ ಸ್ವಲ್ಪ ಹಿಂದುಮುಂದಿನ ಕೆಲವು ದಿನಗಳು ಮಾತ್ರ ಉಳಿಯುತ್ತವೆ. ವಾರದ ಲೆಕ್ಕವೂ ಬೇರೆ ಇದೆ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲು ಮನೆಗಳ) ಕೆಲಸಗಾರರಿಗೆ ಕೆಲಸದ ದಿನ ಸಭೆಯೆಂದರೆ ಆ ದಿನದ ಸಂಬಳ ಹೋಯಿತೆಂದೇ ಅರ್ಥ. ಬಟವಾಡೆ ಆದ ಮೇಲೆ ಸಂತೆಗೆ ಹೋಗುವ ಹೊತ್ತಿನಲ್ಲಿ ಕರೆದರೂ ಅವರು ಬರಲಾರರು.

ಇದೇ ಜಿಲ್ಲೆ ದಿನ ನೋಡುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಸುಗ್ಗಿಯ ಹಬ್ಬವಾದ ಹುತ್ತರಿಗೆ ಕದಿರು ತೆಗೆಯುವ ಹೊತ್ತನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡುತ್ತಾರೆ, ಆ ನಿಮಿಷಕ್ಕೆ ಇಡೀ ಜಿಲ್ಲೆಯಲ್ಲಿ ಕೋವಿ ಹಾರುತ್ತದೆ. ಭತ್ತ ಬಲಿತ ಮೇಲೆಯೇ ಬರುವ ಮುಹೂರ್ತ ಅದು. ಊರುತಕ್ಕರು (ಊರಿನ ಮುಖ್ಯಸ್ಥರು) ಮಂದ್‌ಗೆ (ಊರಿನ ಸಾಮೂಹಿಕ ಬಯಲಿಗೆ) ಜನ ಸೇರಿಸುತ್ತಿದ್ದದ್ದೂ ಕೆಲಸದ ಬಿಡುವು ನೋಡಿಕೊಂಡೇ. ನಮ್ಮ ಸಭೆಗಳ ದಿನಾಂಕವಾದರೋ ಮೇಲಿಂದ ಬಂದ ಸುತ್ತೋಲೆಯ ಕೊನೆಯ ಸಾಲಿನಿಂದ ಹುಟ್ಟುತ್ತಿತ್ತು: ಇಂತಿಷ್ಟನೇ ತಾರೀಖಿನೊಳಗೆ ಮುಗಿಸಿ ವರದಿ ಕಳುಹಿಸುವುದು.

ಹಾಜರಿಯ ಸಮಸ್ಯೆಗೆ ನನಗೆ ಸಿಕ್ಕಿದ ಮೊದಲ ಸಲಹೆ ಬಹಳ ಸುಲಭದ್ದಾಗಿತ್ತು. ಪುಸ್ತಕವನ್ನು ಬೈಕಿನಲ್ಲಿ ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿಕೊಂಡು ಬಂದರಾಯಿತು, ಎಷ್ಟೋ ಕಡೆ ಹಾಗೇ ನಡೆಯುತ್ತದೆ ಎಂದು ಅನುಭವಸ್ಥರೊಬ್ಬರು ನಗುತ್ತಾ ಹೇಳಿದರು. ಅವರು ಕೆಟ್ಟವರಲ್ಲ, ದಣಿದವರು. ನಾನು ಅದನ್ನು ಒಪ್ಪಲಿಲ್ಲ, ಒಪ್ಪದಿರುವುದಕ್ಕೆ ದೊಡ್ಡ ತತ್ವವೇನೂ ಕಾರಣವಾಗಿರಲಿಲ್ಲ. ನಮ್ಮ ಗುಡ್ಡದ ದಾರಿಯಲ್ಲಿ ಎಪ್ಪತ್ತು ಮನೆ ತಿರುಗುವುದಕ್ಕಿಂತ ಎಪ್ಪತ್ತು ಜನರನ್ನು ಒಂದೆಡೆ ಕರೆಯುವುದೇ ಕಡಿಮೆ ಶ್ರಮದ ಕೆಲಸವೆಂದು ತೋರಿತು, ಅಷ್ಟೆ.

ಪ್ರತಿ ವರ್ಷ ಕೆಸರುಗದ್ದೆ ಆಟಕ್ಕೆ ಎರಡು ಮೂರು ವಾರ ಮೊದಲು ಯುವಕ ಸಂಘದ ಪೂರ್ವಭಾವಿ ಸಭೆ ನಡೆಯುತ್ತದೆ. ಯಾರ ಗದ್ದೆ, ಎಷ್ಟು ವಂತಿಗೆ, ಹಗ್ಗಜಗ್ಗಾಟಕ್ಕೆ ಯಾರ ಹಗ್ಗ, ತೀರ್ಪುಗಾರರು ಯಾರು ಎಂಬ ಚರ್ಚೆಗೆ ಕರೆಯದೆಯೂ ಅರವತ್ತು ಎಪ್ಪತ್ತು ಜನ ಬರುತ್ತಾರೆ, ಏಕೆಂದರೆ ಬಾರದಿದ್ದವರ ಹೆಸರಿಗೆ ವಂತಿಗೆ ಹೆಚ್ಚಾಗಿ ಬೀಳುತ್ತದೆ. ಕೊರೋನಾದಿಂದ ಎರಡು ವರ್ಷ ನಿಂತಿದ್ದ ಆಟ 2022ರಲ್ಲಿ ಮತ್ತೆ ಶುರುವಾಗುವಾಗ, ಒಂದೇ ಶನಿವಾರ ಮಧ್ಯಾಹ್ನ 2 ಗಂಟೆಗೆ ವಾರ್ಡ್ ಸಭೆ, 4 ಗಂಟೆಗೆ ಸಂಘದ ಸಭೆ ಎಂದು ಮಾಡಿದರೆ ಹೇಗೆ ಎಂದು ನಾನು ಕೇಳಿದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗೆ ರಜೆಯಾದ್ದರಿಂದ ಮೊದಲನೆಯದನ್ನೋ ಮೂರನೆಯದನ್ನೋ ಆರಿಸಬೇಕಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ನಿಯಮಗಳ ಪುಸ್ತಕ ತಿರುವಿ, ಅಡ್ಡಿಯಿಲ್ಲ ಎಂದರು. ಅಡ್ಡಿ ಬಂದದ್ದು ಊರಿನೊಳಗಿಂದ.

"ತಂಗೀ, ಆಟದೊಳಗೆ ಪಂಚಾಯಿತಿ ತಂದರೆ ಪಂಚಾಯಿತಿಯೊಳಗಿನ ಪಕ್ಷವೂ ಬರ್ತದೆ, ಆಮೇಲೆ ಹಗ್ಗ ಎಳೆಯುವಾಗಲೂ ಯಾವ ಕಡೆ ಅಂತ ಕೇಳುವ ಕಾಲ ಬರ್ತದೆ" ಎಂದರು ಸಂಘದ ಹಿರಿಯರೊಬ್ಬರು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ, ಆದರೂ ಯಾರು ಯಾವ ಕಡೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಅವರ ಮಾತನ್ನು ನಾನು ಆಗ ಹಳೆಯ ಕಾಲದ ಭಯವೆಂದು ತಳ್ಳಿಹಾಕಿದ್ದೆ. ಅವರು ಹೇಳಿದ್ದು ಅರ್ಧ ನಿಜವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಆ ಮೊದಲ ಜಂಟಿ ಶನಿವಾರ 58 ಜನ ಸೇರಿದರು. ಅರ್ಧ ಜನ ಕೊಡವ ತಕ್ಕ್‌ನಲ್ಲಿ, ಅರ್ಧ ಜನ ಅರೆಭಾಷೆಯಲ್ಲಿ, ಮೂಲೆಯಲ್ಲಿ ನಾಲ್ವರು ಮಲಯಾಳದಲ್ಲಿ ಮಾತಾಡುತ್ತಿದ್ದರು; ನಡಾವಳಿ ಪುಸ್ತಕದಲ್ಲಿ ಮಾತ್ರ ಎಲ್ಲವೂ ಒಂದೇ ಸರ್ಕಾರಿ ಕನ್ನಡವಾಗಿ ಇಳಿಯುತ್ತಿತ್ತು. ಮೊದಲ ಒಂದು ಗಂಟೆ ನಾನು ನಿರೀಕ್ಷಿಸಿದಂತೆಯೇ ರಸ್ತೆ, ಬೀದಿ ದೀಪ ಮತ್ತು ಆನೆ. ಆನೆಯ ವಿಚಾರ ಅರಣ್ಯ ಇಲಾಖೆಯದು, ನಾವು ಠರಾವು ಮಾಡಿ ಕಳುಹಿಸಬಹುದಷ್ಟೆ ಎಂದು ಹೇಳಿದಾಗ ಸಭೆಯಲ್ಲಿ ಎದ್ದ ನಗು ನನಗೆ ಸ್ವಲ್ಪ ನೋವು ಕೊಟ್ಟಿತು. ಕೊನೆಗೆ, ಸಂಘದ ಸಭೆಗೆ ಹೊತ್ತಾಯಿತು ಎನ್ನುವಾಗ, ಬಾಗಿಲ ಬಳಿ ನಿಂತಿದ್ದ ಲೈನ್ ಮನೆಯ ಹೆಂಗಸೊಬ್ಬಳು ಕೈಯೆತ್ತಿದಳು. ಅವಳು ಆಟಕ್ಕೆ ಹೆಸರು ಕೊಡಲು ಬಂದಿದ್ದವಳು. ಅವಳ ತಂಡ ಹಿಂದೆ ಎರಡು ಸಲ ಹಗ್ಗಜಗ್ಗಾಟ ಗೆದ್ದಿತ್ತು. ಅವಳು ಕೇಳಿದ್ದು ಒಂದು ಪಾಲ, ಅಂದರೆ ಕಾಲುಸೇತುವೆ. ತೋಡು ದಾಟಲು ಈಗ ಇರುವುದು ಒಂದು ಸಿಲ್ವರ್ ಮರದ ದಿಮ್ಮಿ, ಮಳೆಯಲ್ಲಿ ಅದು ಪಾಚಿ ಹಿಡಿಯುತ್ತದೆ, ಶಾಲೆಗೆ ಹೋಗುವ ಏಳು ಮಕ್ಕಳಿದ್ದಾರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರಾದರೊಬ್ಬರು ಬೆಳಿಗ್ಗೆ ಕೆಲಸಕ್ಕೆ ತಡವಾಗಿ ಹೋಗಿ ಮಕ್ಕಳನ್ನು ಕೈಹಿಡಿದು ದಾಟಿಸಬೇಕು, ತಡವಾದವರಿಗೆ ಅರ್ಧ ದಿನದ ಸಂಬಳ ಕಡಿತ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿ, ಬಾಗಿಲಿಗೇ ಒರಗಿಕೊಂಡಳು. ಅದೇ ತೋಡಿನ ಮೇಲಿನ ದಾರಿಯಲ್ಲಿ ದಿನವೂ ಸ್ಕೂಟರಿನಲ್ಲಿ ಓಡಾಡುವ ನನಗೆ ಆ ದಿಮ್ಮಿ ಇರುವುದೇ ಗೊತ್ತಿರಲಿಲ್ಲ.

ಪಾಲವೊಂದು ನಡಾವಳಿ ಪುಸ್ತಕದಿಂದ ತೋಡಿನ ಮೇಲಕ್ಕೆ ಬರುವ ದಾರಿ ಉದ್ದದ್ದು. ಆಗ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಶೇಕಡಾ ನಿರ್ಬಂಧಿತವಾಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಶೇಕಡಾ ಹಣದಲ್ಲೇ ಊರಿನ ರಸ್ತೆ, ಚರಂಡಿ, ಮೋರಿ ಎಲ್ಲವೂ ಸ್ಪರ್ಧಿಸಬೇಕಿತ್ತು. ಉದ್ಯೋಗ ಖಾತರಿಯಲ್ಲಿ ಮಾಡಿಸೋಣವೆಂದರೆ ಕೂಲಿಗೂ ಸಾಮಗ್ರಿಗೂ 60ಕ್ಕೆ 40ರ ಅನುಪಾತ ಕಾಯಬೇಕಿತ್ತು, ಕಬ್ಬಿಣ ಮತ್ತು ಸಿಮೆಂಟೇ ಹೆಚ್ಚಾಗಿರುವ ಕೆಲಸ ಆ ಲೆಕ್ಕಕ್ಕೆ ಒಗ್ಗುವುದು ಕಷ್ಟವಾಗಿತ್ತು. ರಸ್ತೆ ಕೇಳುವ ಜನರಿಗೆ ಪಂಚಾಯಿತಿಯಲ್ಲಿ ದುಡ್ಡಿದೆ, ಆದರೆ ನಿಮ್ಮ ರಸ್ತೆಗೆ ಇಲ್ಲ ಎಂದು ಹೇಳುವ ಕೆಲಸವಿದೆಯಲ್ಲ, ಸದಸ್ಯೆಯಾಗಿ ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಬೇಸರದ್ದು ಇನ್ನೊಂದಿಲ್ಲ. ವಾರ್ಡ್ ಸಭೆಯ ಪಟ್ಟಿ ಗ್ರಾಮಸಭೆಗೆ ಹೋಗಿ, ಅಲ್ಲಿಂದ ಕ್ರಿಯಾ ಯೋಜನೆಗೆ ಸೇರಿ, ಅಂದಾಜು ಪಟ್ಟಿ ತಯಾರಾಗುವ ಹೊತ್ತಿಗೆ ಇನ್ನೊಂದು ತೊಡಕು ಎದ್ದಿತು: ತೋಡಿನ ಈಚೆ ದಡ ಪೈಸಾರಿ (ಸರ್ಕಾರಿ ಜಾಗ), ಆಚೆ ದಡ ಖಾಸಗಿ ಜಮೀನು. ಜಮೀನಿನವರು ಒಪ್ಪಿಗೆ ಪತ್ರ ಕೊಡದೆ ಕೆಲಸ ಮಾಡುವಂತಿಲ್ಲ. ಅವರ ಮನೆಗೆ ನಾನು ಎರಡು ಸಲ ಹೋದೆ. ಎರಡು ಸಲವೂ ಒಳ್ಳೆಯ ಕಾಫಿ ಕೊಟ್ಟು, ಮಗ ಬೆಂಗಳೂರಿನಿಂದ ಬರಲಿ, ನೋಡೋಣ ಎಂದರು.

ಒಪ್ಪಿಗೆ ಸಿಕ್ಕಿದ್ದು 2023ರ ಕೆಸರುಗದ್ದೆ ಆಟದ ದಿನ. ನಮ್ಮ ಆಟದಲ್ಲಿ ಕಡೆಯದು ನಾಟಿ ಓಟ. ಊರಿನ ಅತಿ ಉದ್ದದ ಗದ್ದೆಯಲ್ಲಿ, ಮೊಣಕಾಲುವರೆಗಿನ ಕೆಸರಿನಲ್ಲಿ, ಒಂದು ಕಡೆಯ ಏರಿಯಿಂದ ಇನ್ನೊಂದು ಕಡೆಯ ಏರಿಗೆ ಓಡಬೇಕು. ಓಡುವುದೆಂದು ಹೇಳುವುದು ಬಾಯಿಮಾತಿಗೆ. ಪ್ರತಿ ಹೆಜ್ಜೆಯಲ್ಲೂ ಕಾಲನ್ನು ಕೆಸರಿನಿಂದ ಕಿತ್ತು ತೆಗೆಯಬೇಕು, ಕಿತ್ತಾಗ ಬಾಟಲಿಯ ಬಿರಡೆ ತೆಗೆದಂತೆ ಸದ್ದಾಗುತ್ತದೆ, ಇಪ್ಪತ್ತು ಜನರ ಕಾಲಿನಿಂದ ಆ ಸದ್ದು ಒಟ್ಟಿಗೆ ಬರುವಾಗ ಏರಿಯ ಮೇಲೆ ನಿಂತವರಿಗೆ ನಗು ತಡೆಯುವುದಿಲ್ಲ. ಮೊದಲ ಬಹುಮಾನ ಒಂದು ಬಾಳೆಗೊನೆ. ಆ ವರ್ಷ ಜಮೀನಿನವರ ಮಗ ಬೆಂಗಳೂರಿನಿಂದ ಬಂದವನು ಶೂ ಬಿಚ್ಚಿಟ್ಟು ಇಳಿದು, ನಡುವೆ ಮುಖ ಅಡಿಯಾಗಿ ಬಿದ್ದು, ಪಾಲ ಕೇಳಿದ್ದ ಆ ಹೆಂಗಸಿನ ಗಂಡನೇ ಅವನ ತೋಳು ಹಿಡಿದು ಎಬ್ಬಿಸಿದ. ಗದ್ದೆಯ ಪಕ್ಕದ ಪೈಪಿನಲ್ಲಿ ಇಬ್ಬರೂ ಕಾಲು ತೊಳೆಯುತ್ತಿರುವಾಗ ಮಾತು ಮಕ್ಕಳ ಶಾಲೆಗೆ, ಅಲ್ಲಿಂದ ದಿಮ್ಮಿಗೆ ಬಂತಂತೆ. ಸಂಜೆ ಊಟದ ಹೊತ್ತಿಗೆ ತಂದೆ ನನ್ನನ್ನು ಕರೆದು, "ಎಲ್ಲಿ ಸಹಿ ಹಾಕಬೇಕು, ಪೇಪರ್ ತಾ" ಎಂದರು. ಪೇಪರ್ ನನ್ನ ಹತ್ತಿರ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ಹಲ್ಲುಜ್ಜುವ ಮೊದಲೇ ಹೋಗಿ ಅಂಗಳದಲ್ಲಿ ಕೂತಿದ್ದೆ. ಪಾಲ 2024ರ ಮೇ ತಿಂಗಳಲ್ಲಿ ಮುಗಿಯಿತು. ಅಗಲ ನಾಲ್ಕು ಅಡಿ, ಎರಡೂ ಕಡೆ ಹಿಡಿದು ನಡೆಯಲು ಕಬ್ಬಿಣದ ಕಂಬಿ.

ಇನ್ನು ಹಿರಿಯರ ಮಾತು ಅರ್ಧ ನಿಜವಾದ ಕಥೆ. ಅದೇ 2023ರ ಆಟದ ನಡುವೆ, ಮೈಕ್ ಕೈಗೆ ಸಿಕ್ಕ ಜನಪ್ರತಿನಿಧಿಯೊಬ್ಬರು ಬಹುಮಾನ ಕೊಡುವ ಬದಲು ತಮ್ಮಿಂದಾದ ರಸ್ತೆಗಳ ಪಟ್ಟಿ ಓದತೊಡಗಿದರು. ಹಗ್ಗ ಹಿಡಿದು ಕಾಯುತ್ತಿದ್ದ ತಂಡದ ಒಬ್ಬ, ಆ ರಸ್ತೆ ಎಲ್ಲಿದೆ ಎಂದು ಕೂಗಿದ. ಮುಂದಿನ ಹತ್ತು ನಿಮಿಷ ಅಲ್ಲಿ ಏನಾಯಿತೆಂದು ವಿವರಿಸುವುದಿಲ್ಲ. ಇಬ್ಬರನ್ನು ಬೇರೆಬೇರೆ ಏರಿಯ ಮೇಲೆ ಕೂರಿಸಬೇಕಾಯಿತು, ಅಡುಗೆಯವರು ಸೌಟು ಹಿಡಿದೇ ಓಡಿಬಂದಿದ್ದರು. ಆ ರಾತ್ರಿಯೇ ಸಂಘ ಒಂದು ನಿಯಮ ಮಾಡಿತು: ಆಟದ ದಿನ ವೇದಿಕೆಯೇ ಇಲ್ಲ, ಪಂಚಾಯಿತಿಯವರು ಯಾರೂ ಮೈಕ್ ಮುಟ್ಟುವುದಿಲ್ಲ, ಬಹುಮಾನವನ್ನು ಊರಿನ ಅತಿ ಹಿರಿಯ ಅಜ್ಜಿಯ ಕೈಯಿಂದ ಕೊಡಿಸುವುದು. ನನಗೂ ಆ ನಿಯಮ ಅನ್ವಯಿಸುತ್ತದೆ. ಸಭೆಯ ದಿನಕ್ಕೂ ಆಟದ ದಿನಕ್ಕೂ ಎರಡು ವಾರದ ಅಂತರವಿರಲಿ, ಸಭೆಯ ಶನಿವಾರ ಸಂಘದ ಪೂರ್ವಭಾವಿಗೆ ಮಾತ್ರ ಅಂಟಿಕೊಂಡಿರಲಿ ಎಂದು ನಾವು ಈಗ ನಿಂತಿರುವುದು ಆ ಜಗಳದ ನಂತರವೇ.

2024ರ ಆಗಸ್ಟ್ 3 ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ ಕೂಡ ಹೌದು, ನಮ್ಮ ಮನೆಗಳಲ್ಲಿ ಆಟಿ ಹದಿನೆಂಟು ಎನ್ನುತ್ತೇವೆ. ಮದ್ದು ಸೊಪ್ಪಿಗೆ ಆ ದಿನ ಹದಿನೆಂಟು ಬಗೆಯ ಔಷಧಿ ಗುಣ ಬರುತ್ತದೆಂಬುದು ನಂಬಿಕೆ. ಸೊಪ್ಪು ಬೇಯಿಸಿ ತೆಗೆದ ಕಡುನೇರಳೆ ರಸದಲ್ಲಿ ಪಾಯಸ ಮಾಡಿ ತುಪ್ಪವೋ ಜೇನೋ ಹಾಕಿಕೊಂಡು ತಿನ್ನುತ್ತೇವೆ. ಆ ದಿನ ಯಾರೂ ದೂರ ಹೋಗುವುದಿಲ್ಲವೆಂಬ ಲೆಕ್ಕಾಚಾರದಲ್ಲೇ ನಾನು ದಿನ ಗೊತ್ತುಮಾಡಿದ್ದೆ. ಆದರೆ ನಾಲ್ಕು ದಿನ ಮೊದಲು, ಜುಲೈ 30ರ ಬೆಳಗಿನ ಜಾವ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದ ಮೇಲೆ ಗುಡ್ಡ ಇಳಿದಿತ್ತು. ವಯನಾಡು ನಮಗೆ ದೂರದ ಊರಲ್ಲ, ನಮ್ಮ ಗಡಿಯ ಕುಟ್ಟದಾಚೆಗೆ ಅದೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿತ ಕಂಡವರಿಗಂತೂ ಆ ಚಿತ್ರಗಳನ್ನು ನೋಡುವುದೇ ಕಷ್ಟವಾಗಿತ್ತು. ಆ ವರ್ಷ ನಮ್ಮ ಸಮುದಾಯ ಭವನದಲ್ಲಿ ಮೇಲಿನ ಗುಡ್ಡದ ಮನೆಗಳವರು ಹನ್ನೊಂದು ರಾತ್ರಿ ಮಲಗಿದ್ದರು, ಅವರ ಊಟಕ್ಕೆ ಬಳಸಿದ ಪಾತ್ರೆಗಳೂ ಅಡುಗೆಯವರ ಪಟ್ಟಿಯೂ ಕೆಸರುಗದ್ದೆ ಆಟದವೇ.

ಹಾಗಾಗಿ ಶನಿವಾರದ ಸಭೆಯಲ್ಲಿ ಬೀದಿ ದೀಪದ ಮಾತೇ ಬರಲಿಲ್ಲ. ಗುಡ್ಡದ ಮೇಲಿನ ತೋಟದಲ್ಲಿ ಯಾರು ಹೊಸದಾಗಿ ಯಂತ್ರ ತಂದು ಮಣ್ಣು ಕಡಿದಿದ್ದಾರೆ, ಯಾವ ಮೋರಿಯಲ್ಲಿ ಎಲೆ ಕಟ್ಟಿಕೊಂಡಿದೆ, ನೀರು ದಾರಿ ಬದಲಿಸಿದ್ದು ಎಲ್ಲಿ, ರಾತ್ರಿ ಕರೆಂಟ್ ಹೋದರೆ ಮೇಲಿನ ಆರು ಮನೆಗಳಿಗೆ ಸುದ್ದಿ ಮುಟ್ಟಿಸುವುದು ಹೇಗೆ ಎಂಬುದನ್ನೇ ಜನ ಎರಡು ಗಂಟೆ ಕೂತು ಮಾತಾಡಿದರು. ಭಾನುವಾರ ಮೋರಿ ಬಿಡಿಸಲು 22 ಜನ ಹೆಸರು ಬರೆಸಿದರು, ಇದಕ್ಕೆ ಕ್ರಿಯಾ ಯೋಜನೆ ಬೇಡ, ಹಾರೆ ಸಾಕು. ಮಣ್ಣು ಕಡಿದ ತೋಟದ ವಿಷಯ ತಹಶೀಲ್ದಾರರಿಗೆ ಬರೆಯುವುದೆಂದು ಠರಾವಾಯಿತು. ಕಡಿಸಿದವರು ಸಭೆಯಲ್ಲೇ ಇದ್ದರು, ಮೊದಲು ಕೋಪಗೊಂಡು, ಆಮೇಲೆ ಬಂದು ನೋಡಿ ಎಂದರು. ಸಂಘದ ಸಭೆ ನಾಲ್ಕಕ್ಕೆ ಬದಲು ಐದಕ್ಕೆ ಶುರುವಾಗಿ ಹತ್ತೇ ನಿಮಿಷದಲ್ಲಿ ಮುಗಿಯಿತು: ಆಟವನ್ನು ಆಗಸ್ಟ್ 18ಕ್ಕೆ ಇಡುವುದು, ಮಳೆ ನೋಡಿಕೊಂಡು ಬೇಡವೆಂದರೆ ಈ ವರ್ಷ ಬಿಟ್ಟುಬಿಡುವುದು. ಗದ್ದೆಯ ಯಜಮಾನರು ಅಲ್ಲಿಯವರೆಗೆ ಆ ಒಂದು ಗದ್ದೆಯ ನಾಟಿ ತಡೆದುಕೊಳ್ಳುತ್ತೇನೆಂದರು, ಸಸಿಮಡಿ ಬಲಿತು ಹೋಗುತ್ತದೆಂದು ಗೊಣಗುತ್ತಲೇ.

ಹಾಜರಿ ಪುಸ್ತಕವನ್ನು ಸೋಮವಾರ ಪಂಚಾಯಿತಿ ಕಚೇರಿಗೆ ಕೊಟ್ಟು ಬಂದೆ. ಪಾಯಸ ತಿಂದ ಕೈಯಲ್ಲೇ ಸಹಿ ಹಾಕಿದವರ ಸಾಲುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು, ಎರಡು ಪುಟ ಅಂಟಿಕೊಂಡೂ ಇದ್ದವು. ಗುಮಾಸ್ತರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಇದು ಆಡಿಟ್‌ಗೆ ಹೋಗುವ ಪುಸ್ತಕ, ಮೇಡಂ" ಎಂದರು. ನಂತರ, ತಮ್ಮ ಮನೆಯಲ್ಲಿ ಈ ಸಲ ಸೊಪ್ಪು ಸಿಗಲಿಲ್ಲವೆಂದೂ, ನಮ್ಮ ತೋಟದ ಬದಿಯಲ್ಲಿ ಉಳಿದಿದ್ದರೆ ಒಂದು ಕಟ್ಟು ತಂದುಕೊಡಬೇಕೆಂದೂ ಕೇಳಿದರು.